ಗಾಳ, ಎರೆ, ಬೆಂಡು: ಕಲ್ಯಾಣದಿಂದ ನೀಲಗಿರಿಯವರೆಗೆ

ಬೇಸಗೆ ರಜೆ ಬಂತೆಂದರೆ ಚೆನ್ನೈ ಕನ್ನಡಿಗರ ಸಂಸಾರಗಳು ಹೊರಡುವ ದಿಕ್ಕು ಸಾಮಾನ್ಯವಾಗಿ ಎರಡು. ಒಂದು, ಊರಿನ ಕಡೆ, ಅಜ್ಜಿಯ ಮನೆಗೆ. ಇನ್ನೊಂದು, ಸೆಂಟ್ರಲ್ ನಿಲ್ದಾಣದಲ್ಲಿ ರಾತ್ರಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿ ಉದಕಮಂಡಲಕ್ಕೆ. ಅಲ್ಲಿ ಹೂದೋಟ ನೋಡುತ್ತೇವೆ, ಕೆರೆಯಲ್ಲಿ ದೋಣಿ ಹತ್ತುತ್ತೇವೆ, ನೀಲಗಿರಿ ತೈಲದ ಸೀಸೆ ಕೊಂಡು ಹಿಂದಿರುಗುತ್ತೇವೆ. ಊಟಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು ಆಚೆಗಿರುವ ಅವಲಾಂಚಿಯ ಕಡೆಗೆ ಹೋಗುವವರು ಕಡಿಮೆ. ಅಲ್ಲಿ ತಮಿಳುನಾಡು ಮೀನುಗಾರಿಕೆ ಇಲಾಖೆಯ ಒಂದು ಹಳೆಯ ಟ್ರೌಟ್ ಮರಿ ಸಾಕಣೆ ಕೇಂದ್ರವಿದೆ. 1907ರಲ್ಲಿ ಆರಂಭವಾದದ್ದು. ಸಾಹೇಬರು ಬೆಟ್ಟದ ತೊರೆಗಳಲ್ಲಿ ಸುಳ್ಳು ನೊಣ ಕಟ್ಟಿದ ಗಾಳ ಬೀಸಿ ಹಿಡಿಯುತ್ತಿದ್ದ ಮೀನು ಹುಟ್ಟಿ ಬೆಳೆಯುತ್ತಿದ್ದುದು ಇಲ್ಲಿಯೇ.

ಗಾಳ ಬೀಸುವ ಈ ವಿನೋದ ಸಾಹೇಬರದು, ನಮಗೂ ಅದಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು ಇದೆ. ಅದು ಕಲ್ಯಾಣದಿಂದ ಹೊರಟು ಮಂಗಳೂರನ್ನು ಹಾದು, ಚೆನ್ನೈಯ ಸರ್ಕಾರಿ ಕಚೇರಿಗಳ ಮೂಲಕ ನೀಲಗಿರಿಯನ್ನು ಹತ್ತುತ್ತದೆ. ಇದನ್ನು ನಮ್ಮ ಮಕ್ಕಳಿಗೆ ಹೇಳುವವರು ಯಾರೂ ಇಲ್ಲವೆನ್ನಿಸಿ ಈ ನಾಲ್ಕು ಮಾತು.

ಮೊದಲು ಕಲ್ಯಾಣಕ್ಕೆ ಹೋಗೋಣ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ, ಬಸವಣ್ಣನವರ ಕಾಲಕ್ಕೆ ಒಂದು ತಲೆಮಾರು ಮುಂಚೆ ಚಾಲುಕ್ಯ ಚಕ್ರವರ್ತಿಗಳ ರಾಜಧಾನಿ. ವಿಕ್ರಮಶಕೆಯನ್ನು ನಡೆಸಿದ ಆರನೆಯ ವಿಕ್ರಮಾದಿತ್ಯ ಅರ್ಧ ಶತಮಾನ ಆಳಿ 1126ರಲ್ಲಿ ತೀರಿಕೊಂಡ ಮೇಲೆ ಅವನ ಮಗ ಮೂರನೆಯ ಸೋಮೇಶ್ವರ ಪಟ್ಟವೇರಿದ. ತಂದೆಯಂತಹ ದಂಡಯಾತ್ರೆಗಳ ಕೀರ್ತಿ ಇವನಿಗಿಲ್ಲ. ಇವನದು ಲೇಖನಿಯ ಕೀರ್ತಿ. ತಂದೆಯ ಚರಿತ್ರೆಯನ್ನು 'ವಿಕ್ರಮಾಂಕಾಭ್ಯುದಯ' ಎಂದು ತಾನೇ ಬರೆಯಲು ಕೈಹಾಕಿದ. ಅದಕ್ಕಿಂತ ದೊಡ್ಡ ಕೆಲಸ 'ಮಾನಸೋಲ್ಲಾಸ', ಅಥವಾ 'ಅಭಿಲಷಿತಾರ್ಥ ಚಿಂತಾಮಣಿ'. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ಗ್ರಂಥ ಸಂಸ್ಕೃತದಲ್ಲಿದೆ, ಬರೆದವನು, ಬರೆದ ನೆಲ, ಅದರಲ್ಲಿ ಬರುವ ಅಡುಗೆ ಇವೆಲ್ಲ ನಮ್ಮವು. ಇದರ ಮೊದಲ ಭಾಗವನ್ನು 1926ರಲ್ಲಿ ಮೈಸೂರಿನಿಂದ ಸಂಪಾದಿಸಿ ಹೊರತಂದವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಕೊಟ್ಟ ಆರ್. ಶಾಮಾಶಾಸ್ತ್ರಿಗಳೇ.

ಈ ಗ್ರಂಥದಲ್ಲಿ ರಾಜನ ವಿನೋದಗಳನ್ನು ಹೇಳುವ ಭಾಗದಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವಿದೆ. ಬಲೆ ಬೀಸುವುದಲ್ಲ, ಗಾಳ ಹಾಕುವುದು. ಕೋಲು ಎಂಥದಿರಬೇಕು, ದಾರವನ್ನು ಯಾವ ನಾರಿನಿಂದ ಹೊಸೆಯಬೇಕು, ಯಾವ ಜಾತಿಯ ಮೀನಿಗೆ ಯಾವ ಎರೆ, ಮುಂಚಿತವಾಗಿ ತಿನಿಸು ಹಾಕಿ ಮೀನನ್ನು ಒಂದೆಡೆಗೆ ಹೇಗೆ ರೂಢಿ ಮಾಡಿಸಬೇಕು, ಹೀಗೆ ವಿವರಗಳು. ಸಮುದ್ರದವು ಯಾವುವು, ಹೊಳೆಯವು ಯಾವುವು, ಹುರುಪೆ ಇರುವುವು ಯಾವುವು, ಇಲ್ಲದವು ಯಾವುವು ಎಂದು ಮೀನುಗಳನ್ನೂ ವಿಂಗಡಿಸಿದ್ದಾನೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1950ರ ದಶಕದ ಆರಂಭದಲ್ಲಿ ಈ ಅಧ್ಯಾಯವನ್ನು ವಿಜ್ಞಾನಿಯ ಕಣ್ಣಿನಿಂದ ಓದಿ ಬರೆದ ಮೇಲೆ, ಇದು ಆಸ್ಥಾನ ಪಂಡಿತನ ಕಲ್ಪನೆಯಲ್ಲ, ನೀರಿನ ಬಳಿ ಕೂತು ಕಂಡವನ ಮಾತು ಎಂಬುದು ಎಲ್ಲರಿಗೂ ತಿಳಿಯಿತು. ಇಂಗ್ಲಿಷರ ಗಾಳದ ಪುಸ್ತಕಗಳಲ್ಲಿ ಹಳೆಯದು, ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯ ಹೆಸರಿನಲ್ಲಿ ನಡೆದುಬಂದಿರುವ ಚಿಕ್ಕ ಗ್ರಂಥ, ಅಚ್ಚಾದುದು 1496ರಲ್ಲಿ. ನಮ್ಮ ಸೋಮೇಶ್ವರನ ಗ್ರಂಥ 1130ರ ಆಸುಪಾಸಿನದು. ಮೂರೂವರೆ ಶತಮಾನಕ್ಕೂ ಹೆಚ್ಚು ಅಂತರ! ಹೆಮ್ಮೆ ಪಡುವುದಾದರೆ ಪಡೋಣ. ಆದರೆ ಸೋಮೇಶ್ವರನದು ಎರೆಯ ಗಾಳ, ಇಂಗ್ಲಿಷರು ಮುಂದೆ ಬೆಳೆಸಿದ ನೊಣದ ಗಾಳ ಬೇರೆಯೇ ಕಲೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಆ ಬೇರೆ ಕಲೆ ಏನೆಂದು ಸ್ವಲ್ಪ ವಿವರಿಸಬೇಕು. ನಮ್ಮ ಹಳ್ಳಿಯ ಹುಡುಗ ಗಾಳಕ್ಕೆ ಎರೆಹುಳು ಸಿಕ್ಕಿಸಿ, ಬೆಂಡು ಕಟ್ಟಿ, ನೀರಿಗೆ ಬಿಟ್ಟು ಕಾಯುತ್ತಾನೆ. ಗಾಳವನ್ನು ದೂರ ಎಸೆಯಬೇಕಾದರೆ ಅದಕ್ಕೆ ಸೀಸದ ತೂಕ ಕಟ್ಟುತ್ತಾನೆ. ನೊಣದ ಗಾಳಕ್ಕೆ ತೂಕವೆಂಬುದೇ ಇಲ್ಲ. ಅಕ್ಕಿಕಾಳಿನಷ್ಟೋ ಅವರೆಕಾಳಿನಷ್ಟೋ ಇರುವ ಕೊಕ್ಕೆಗೆ ಹಕ್ಕಿಯ ಗರಿಯ ಎಳೆ, ರೇಷ್ಮೆ ನೂಲು ಸುತ್ತಿ ಒಂದು ಹುಳುವಿನ ಆಕಾರ ಕೊಟ್ಟಿರುತ್ತಾರೆ. ಉಫ್ ಎಂದರೆ ಹಾರಿಹೋಗುವಂಥದು. ಅದನ್ನು ಎಸೆಯುವುದು ಹೇಗೆ? ಇಲ್ಲಿ ತೂಕವಿರುವುದು ಹುರಿಯಲ್ಲಿ. ಬಾಗುವ ಕೋಲನ್ನು ಹಿಂದಕ್ಕೆ ಬೀಸಿದಾಗ ಹುರಿ ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳಬೇಕು. ಚಾಚಿದ ಕ್ಷಣದಲ್ಲಿ ಕೋಲನ್ನು ಮುಂದಕ್ಕೆ ತರಬೇಕು. ಆಗ ಹುರಿ ಸುರುಳಿ ಬಿಚ್ಚುತ್ತ ಮುಂದೆ ಹೋಗಿ, ತುದಿಯ ನೊಣ ನೀರಿನ ಮೇಲೆ ಸದ್ದಿಲ್ಲದೆ ಇಳಿಯುತ್ತದೆ. ಹಿಂದಿನ ಬೀಸಿಗೂ ಮುಂದಿನ ಬೀಸಿಗೂ ನಡುವೆ ಇರುವ ಆ ಒಂದು ಕ್ಷಣದ ತಡೆ, ಅದೇ ವಿದ್ಯೆಯ ಗುಟ್ಟು. ತೋಳಿನ ಬಲದಿಂದ ಏನೂ ಆಗುವುದಿಲ್ಲ. ಆದಕಾರಣ ಹತ್ತು ವರ್ಷದ ಮಗಳು ನಲವತ್ತು ವರ್ಷದ ತಂದೆಗಿಂತ ಬೇಗ ಕಲಿಯುವುದೂ ಉಂಟು.

ಈ ಉಪಾಯ ಇಂಗ್ಲೆಂಡಿನಲ್ಲೇ ಹುಟ್ಟಿದ್ದೇನಲ್ಲ. ಕ್ರಿಸ್ತಶಕ 200ರ ಸುಮಾರಿನ ಈಲಿಯನ್ ಎಂಬ ರೋಮನ್ ಲೇಖಕ, ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ ಗರಿ ಕಟ್ಟಿ ಮೀನು ಹಿಡಿಯುವುದನ್ನು ಬರೆದಿಟ್ಟಿದ್ದಾನೆ. ಜಪಾನಿನ ಬೆಟ್ಟದ ಹೊಳೆಗಳಲ್ಲೂ ಇಂಥದೇ ಒಂದು ಪದ್ಧತಿಯಿದೆ. ಇಂಗ್ಲಿಷರು ಮಾಡಿದ್ದು ಅದನ್ನು ಪುಸ್ತಕ, ಕ್ಲಬ್ಬು, ಕಾನೂನುಗಳ ಚೌಕಟ್ಟಿಗೆ ತಂದದ್ದು. ಐಸಾಕ್ ವಾಲ್ಟನ್ನನ ಪ್ರಸಿದ್ಧ ಪುಸ್ತಕ (1653) ಗುರುಶಿಷ್ಯರ ಸಂವಾದದ ರೂಪದಲ್ಲಿದೆ. 1676ರಲ್ಲಿ ಅದಕ್ಕೆ ನೊಣದ ಗಾಳದ ಭಾಗವನ್ನು ಸೇರಿಸಿದವನು ಅವನ ಮಗನಂತಿದ್ದ ಚಾರ್ಲ್ಸ್ ಕಾಟನ್. ಈ ವಿದ್ಯೆಯನ್ನು ಒಬ್ಬರು ಪಕ್ಕದಲ್ಲಿ ನಿಂತು ಹೇಳಿಕೊಡಬೇಕು ಎಂಬುದು ಆ ಪುಸ್ತಕಗಳಿಗೂ ಗೊತ್ತಿತ್ತು.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇವೆ. ಬ್ರಿಟನ್ನಿನ ಶ್ರೀಮಂತರು ಸಾಲ್ಮನ್ ಮೀನಿಗೆ ಕಟ್ಟುತ್ತಿದ್ದ ಅಲಂಕಾರದ ನೊಣಗಳಲ್ಲಿ ಕಣ್ಣಿನಂತೆ ಹೊಳೆಯುವ ಒಂದು ಗರಿ ಇರುತ್ತಿತ್ತು. ಅದು ನಮ್ಮ ಪಶ್ಚಿಮ ಘಟ್ಟದ ಬೂದುಬಣ್ಣದ ಕಾಡುಕೋಳಿಯ ಕುತ್ತಿಗೆಯ ಗರಿ. ಅರಗು ಮೆತ್ತಿದಂತೆ ಹಳದಿ ಚುಕ್ಕೆಯಿರುವ ಈ ಗರಿಗಾಗಿ ಕೋಳಿಗಳ ಸಂಹಾರವೇ ನಡೆಯಿತು. 1902ರಲ್ಲಿ ಭಾರತ ಸರ್ಕಾರ ಹಕ್ಕಿಗಳ ಗರಿ ಚರ್ಮಗಳ ರಫ್ತನ್ನು ನಿಷೇಧಿಸಬೇಕಾಯಿತು. ಸ್ಕಾಟ್ಲೆಂಡಿನ ಹೊಳೆಯ ಮೀನು ಮಲೆನಾಡಿನ ಕೋಳಿಯ ಗರಿಗೆ ಬಾಯಿ ಹಾಕುತ್ತಿತ್ತೆಂದರೆ ಸಾಮ್ರಾಜ್ಯ ಎಷ್ಟು ದೂರ ಹಬ್ಬಿತ್ತೆಂದು ಬೇರೆ ಹೇಳಬೇಕಿಲ್ಲ.

ಇನ್ನು ಮಂಗಳೂರು. ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತೆಂಬುದು ನಮ್ಮಲ್ಲಿ ಹಿರಿಯರಿಗೆಲ್ಲ ತಿಳಿದ ವಿಷಯ. ಚೆನ್ನೈಯಲ್ಲಿ ಕನ್ನಡಿಗರ ಸಂಸಾರಗಳು ನೆಲೆಯೂರಲು ಇದ್ದ ಕಾರಣಗಳಲ್ಲಿ ಅದೂ ಒಂದು. ಓದು, ಹೈಕೋರ್ಟು, ಸೆಕ್ರೆಟೇರಿಯಟ್ಟು ಎಲ್ಲಕ್ಕೂ ಇಲ್ಲಿಗೇ ಬರಬೇಕಿತ್ತು. ಆ ಜಿಲ್ಲೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಲೆಕ್ಟರಾಗಿದ್ದವರು ಹೆನ್ರಿ ಸಲಿವನ್ ಥಾಮಸ್, ಮದರಾಸು ಸಿವಿಲ್ ಸರ್ವಿಸ್ಸಿನವರು. ಇವರಿಗೆ ಮೀನಿನ ಹುಚ್ಚು. ದಕ್ಷಿಣ ಕನ್ನಡದ ಹೊಳೆಗಳಲ್ಲಿ ಮೀನು ಬೆಳೆಸುವ ಬಗ್ಗೆ 1870ರಲ್ಲಿ ಒಂದು ವರದಿ ಕೊಟ್ಟರು. 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬರೆದರು. ಭಾರತದ ಹೊಳೆಗಳಲ್ಲಿ ಕೋಲು ಹಿಡಿದು ಗಾಳ ಹಾಕುವವರಿಗೆ ಮುಂದೆ ಅದೇ ಮೂಲಗ್ರಂಥವಾಯಿತು. 1881ರಲ್ಲಿ, 1897ರಲ್ಲಿ ಮತ್ತೆ ಅಚ್ಚಾಯಿತು. ಆ ಮೊದಲ ಅಚ್ಚು ಆದದ್ದು ಲಂಡನ್ನಿನಲ್ಲಿ ಅಲ್ಲ, ಮದರಾಸಿನಲ್ಲೂ ಅಲ್ಲ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ! ಎರಡು ದಶಕದ ಬಳಿಕ ಕಿಟ್ಟೆಲ್ಲರ ಕನ್ನಡ ನಿಘಂಟು (1894) ಹೊರಬಂದದ್ದೂ ಅದೇ ಮುದ್ರಣಾಲಯದಿಂದ. ಗಾಳ, ಎರೆ, ಬೆಂಡು ಎಂಬ ಶಬ್ದಗಳಿಗೆ ಅರ್ಥ ಹೇಳುವ ಕೋಶವೂ, ಗಾಳ ಹಾಕುವುದನ್ನು ಸಾಹೇಬರಿಗೆ ಕಲಿಸುವ ಪುಸ್ತಕವೂ ಒಂದೇ ಊರಿನ ಅಚ್ಚಿನ ಮನೆಯಲ್ಲಿ ಹುಟ್ಟಿದುವು.

ಥಾಮಸ್ ಬರೀ ಬೇಟೆಗಾರರಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಮೀನು ಬಡವರ ಆಹಾರ, ಅದರ ಮರಿಗಳನ್ನು ಕಾಪಾಡುವುದು ಸರ್ಕಾರದ ಹೊಣೆ ಎಂಬುದನ್ನು ಅವರು ಪಟ್ಟುಹಿಡಿದು ಹೇಳುತ್ತ ಬಂದರು. ಸಣ್ಣ ಕಣ್ಣಿನ ಬಲೆ ಮರಿಗಳನ್ನು ಬಾಚಿಬಿಡುತ್ತದೆ. ಹೊಳೆಗೆ ವಿಷ ಕದಡಿದರೆ ದೊಡ್ಡದು ಚಿಕ್ಕದು ಎಲ್ಲ ಒಟ್ಟಿಗೆ ಸಾಯುತ್ತವೆ. ನಮ್ಮ ಮಲೆನಾಡಿನಲ್ಲಿ ಕಾರೆಕಾಯಿ ಜಜ್ಜಿ ಮಡುವಿಗೆ ಹಾಕುವುದನ್ನು ಬಲ್ಲವರು ಬಲ್ಲರು. ಮುಂದೆ 1897ರಲ್ಲಿ ಬಂದ ಭಾರತದ ಮೀನುಗಾರಿಕೆ ಕಾಯಿದೆ ವಿಷ ಹಾಕುವುದನ್ನೂ ಸಿಡಿಮದ್ದು ಸಿಡಿಸುವುದನ್ನೂ ಅಪರಾಧವೆಂದಿತು. ಥಾಮಸರ ಜಿಲ್ಲೆಯ ಶಿಶಿಲದಲ್ಲಿ, ಘಟ್ಟದ ಮೇಲೆ ಶೃಂಗೇರಿಯಲ್ಲಿ, ದೇವಸ್ಥಾನದ ಮುಂದಿನ ಮೀನಿಗೆ ಯಾರೂ ಕೈಹಾಕುವಂತಿರಲಿಲ್ಲ, ಇಂದಿಗೂ ಇಲ್ಲ. ಅಕ್ಕಿ, ಪುರಿ ಹಾಕಿದರೆ ಕಪ್ಪಗೆ ಮುತ್ತುವ ಆ ಮೀನುಗಳಲ್ಲಿ ಸಾಹೇಬರು ಹುಡುಕಿಕೊಂಡು ಹೋಗುತ್ತಿದ್ದ ಮಹಶೀರ್ ಜಾತಿಯವೂ ಉಂಟು. ಕಾಯಿದೆಗಿಂತ ಮೊದಲೇ ನಮ್ಮ ಜನಕ್ಕೆ ಒಂದು ಕಾಯಿದೆ ಇತ್ತು, ಆದರೆ ಅದು ದೇವಸ್ಥಾನದ ಮೆಟ್ಟಿಲಿನಷ್ಟು ಉದ್ದದ ನೀರಿಗೆ ಮಾತ್ರ.

ಬಯಲಿನ ಹೊಳೆಗಳ ಮಾತು ಹೀಗಾಯಿತು. ನೀಲಗಿರಿಯ ಎತ್ತರದ ತೊರೆಗಳಲ್ಲಿ ಗಾಳಕ್ಕೆ ಯೋಗ್ಯವಾದ ಮೀನು ಇರಲಿಲ್ಲ, ಇದ್ದವು ಚಿಕ್ಕಪುಟ್ಟವು. ಈ ಬೆಟ್ಟ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಇಲ್ಲಿಯ ಬಡಗರು 'ಬಡಗ'ದಿಂದ, ಎಂದರೆ ಉತ್ತರ ದಿಕ್ಕಿನ ಮೈಸೂರು ಸೀಮೆಯಿಂದ, ಹತ್ತಿ ಬಂದವರೆಂದು ಹೆಸರೇ ಹೇಳುತ್ತದೆ. ಅವರ ನುಡಿ ಕನ್ನಡದ ತೀರ ಹತ್ತಿರದ ಬಂಧು. ಅವಲಾಂಚಿ ಎಮರಾಲ್ಡ್‌ಗಳ ಸುತ್ತಿನ ಹಟ್ಟಿಗಳಲ್ಲಿ ಅವರು ಮಾತಾಡುವುದನ್ನು ಕೇಳಿದ ನಮ್ಮವರಿಗೆ ದೂರದ ನೆಂಟರ ಮನೆಯಲ್ಲಿ ಕೂತಂತಾಗುತ್ತದೆ. ಆ ಬೆಟ್ಟಕ್ಕೆ ಆಂಗ್ಲರು ತಮ್ಮ ಊರಿನ ಗುಲಾಬಿ, ಆಲೂಗಡ್ಡೆ, ಸೇಬುಗಳನ್ನು ತಂದಂತೆ ಮೀನನ್ನೂ ತರಬೇಕೆಂದುಕೊಂಡರು.

ಮೊದಲ ಪ್ರಯತ್ನ 1863ರಲ್ಲಿ. ಮಾಡಿದವರು ಮದರಾಸು ಸೈನ್ಯದ ವೈದ್ಯ ಫ್ರಾನ್ಸಿಸ್ ಡೇ. ಮುಂದೆ 'ದಿ ಫಿಶಸ್ ಆಫ್ ಇಂಡಿಯಾ' (1875–78) ಎಂಬ ಮಹಾಗ್ರಂಥ ಬರೆದವರು ಇವರೇ. ಟ್ರೌಟ್ ತರುವ ಯತ್ನ ಮಾತ್ರ ಫಲಿಸಲಿಲ್ಲ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಮೇಟ್ಟುಪಾಳಯಕ್ಕೆ ರೈಲು ಬಂದದ್ದು 1873ರಲ್ಲಿ. ಆಫ್ರಿಕವನ್ನು ಸುತ್ತಿ, ಮದರಾಸಿನ ಬಿಸಿಲನ್ನು ದಾಟಿ, ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಬೇಕು. ತಣ್ಣೀರಿನ ಜೀವಿ ತಾಳೀತೆ? ಅದರ ಮಾರನೆಯ ವರ್ಷ, 1864ರಲ್ಲಿ, 'ನಾರ್ಫೋಕ್' ಎಂಬ ಹಡಗು ಟ್ರೌಟಿನ ಮೊಟ್ಟೆಗಳನ್ನು ಪಾಚಿಯಲ್ಲಿ ಸುತ್ತಿ ಮಂಜುಗಡ್ಡೆಯ ಕೋಣೆಯಲ್ಲಿಟ್ಟು ಮೂರು ತಿಂಗಳಲ್ಲಿ ಆಸ್ಟ್ರೇಲಿಯ ಮುಟ್ಟಿಸಿತು. ಟಾಸ್ಮೇನಿಯದಲ್ಲಿ ಮರಿಗಳು ಹೊರಬಂದುವು. ಕಾಶ್ಮೀರದಲ್ಲಿ 1900ರಲ್ಲಿ ಯಶಸ್ಸು ಸಿಕ್ಕಿತು. ನೀಲಗಿರಿ ಇನ್ನೂ ಕಾಯುತ್ತಿತ್ತು. ಮೀನು ಬರುವುದಕ್ಕೆ ಮೊದಲೇ ಕಾನೂನು ಬಂದಿತ್ತು ಎಂಬುದು ತಮಾಷೆ: ನೀಲಗಿರಿಯ ಬೇಟೆ ಪ್ರಾಣಿಗಳನ್ನೂ ಮೀನನ್ನೂ ರಕ್ಷಿಸುವ ಕಾಯಿದೆಯನ್ನು ಮದರಾಸು ಸರ್ಕಾರ 1879ರಲ್ಲೇ ಮಾಡಿಬಿಟ್ಟಿತು!

ಕೊನೆಗೆ ಕೈಗೂಡಿದ್ದು ಎಚ್. ಸಿ. ವಿಲ್ಸನ್ ಎಂಬ ಮೀನು ಸಾಕಣೆ ತಜ್ಞರಿಂದ. ಅದೇ ವರ್ಷಗಳಲ್ಲಿ, 1907ರಲ್ಲಿ, ಮದರಾಸಿನಲ್ಲಿ ಮೀನುಗಾರಿಕೆ ಬ್ಯೂರೋ ಸ್ಥಾಪನೆಯಾಯಿತು. ಅದರ ಮುಖ್ಯಸ್ಥರು ಸರ್ ಫ್ರೆಡರಿಕ್ ನಿಕಲ್ಸನ್, ಸಹಕಾರಿ ಬ್ಯಾಂಕುಗಳ ಬಗ್ಗೆ ವರದಿ ಬರೆದು ಪ್ರಸಿದ್ಧರಾದವರು. ಅವರ ಗಮನವೆಲ್ಲ ಕಡಲ ತೀರದ ಬೆಸ್ತರ ಬದುಕಿನ ಮೇಲೆ, ಬಂಗುಡೆ ಬೂತಾಯಿಗಳ ಮೇಲೆ. ಆದರೂ ಬೆಟ್ಟದ ಮೇಲಿನ ಈ ಶೋಕಿಯ ಮೀನಿಗೂ ಜಾಗ ಸಿಕ್ಕಿತು. ಇಂಗ್ಲೆಂಡಿನ ಕಂದು ಟ್ರೌಟಿನ ಬದಲು ಕಾಮನಬಿಲ್ಲಿನ ಟ್ರೌಟ್ ನೀಲಗಿರಿಗೆ ಒಗ್ಗಿತು. ಅದರ ಮೊಟ್ಟೆಗಳು ಬಂದದ್ದು ಸಿಂಹಳ, ನ್ಯೂಜಿಲೆಂಡ್ ಮುಂತಾದ ಕಡೆಗಳಿಂದ. ನ್ಯೂಜಿಲೆಂಡಿಗೆ ಅದು ಹೋದದ್ದು ಕ್ಯಾಲಿಫೋರ್ನಿಯದಿಂದ. ಹೀಗೆ ಇಂಗ್ಲಿಷರ ವಿನೋದಕ್ಕೆಂದು ಕನ್ನಡದ ನೆಂಟರಿರುವ ಬೆಟ್ಟಕ್ಕೆ, ಮದರಾಸಿನ ಹಣದಲ್ಲಿ, ಅಮೆರಿಕದ ಮೀನು ಬಂತು. 1908ರಲ್ಲಿ ಊಟಿಗೆ ಬೆಟ್ಟದ ರೈಲೂ ಬಂತು. ಕೋಲು, ಬುಟ್ಟಿ, ಪರವಾನಗಿ ಚೀಟಿ ಹಿಡಿದ ಸಾಹೇಬರ ಸಂಸಾರಗಳು ಬೇಸಗೆಯಲ್ಲಿ ತೊರೆಗಳ ಅಂಚಿನಲ್ಲಿ ಕಾಣಿಸಿಕೊಳ್ಳತೊಡಗಿದುವು.

ಸಾಕಣೆ ಕೇಂದ್ರದ ಕೆಲಸ ಬಹಳ ನಾಜೂಕಿನದು. ಚಳಿಗಾಲದ ಹೊತ್ತಿಗೆ ಹೆಣ್ಣು ಮೀನಿನ ಹೊಟ್ಟೆಯನ್ನು ಬೆರಳಿನಿಂದ ಮೆಲ್ಲನೆ ನೀವಿ ಮೊಟ್ಟೆಗಳನ್ನು ಬಟ್ಟಲಿಗೆ ಇಳಿಸಿಕೊಂಡು, ಗಂಡಿನ ಹಾಲನ್ನು ಮೇಲೆ ಹಿಂಡಿ, ಹಕ್ಕಿಗರಿಯಿಂದ ಕಲಸುತ್ತಾರೆ. ಮೇಲೆ ಹರಿಯುವ ನೀರು ಹತ್ತು ಡಿಗ್ರಿ ಸೆಲ್ಸಿಯಸ್ ಇದ್ದರೆ ಮರಿ ಹೊರಬರಲು ಒಂದು ತಿಂಗಳು. ನೀರು ಇಪ್ಪತ್ತು ಡಿಗ್ರಿ ದಾಟಿತೋ, ಮೀನಿಗೆ ಏದುಸಿರು. ಆದ್ದರಿಂದಲೇ ಸೋಲೆಕಾಡಿನ ನೆರಳಿನಿಂದ ಇಳಿದುಬರುವ ತೊರೆಯೇ ಬೇಕು. ಸ್ವಾತಂತ್ರ್ಯ ಬಂದ ಮೇಲೆ ಕುಂದಾ ವಿದ್ಯುತ್ ಯೋಜನೆಗಾಗಿ, ಕೆನಡಾದ ನೆರವಿನಿಂದ, ಅವಲಾಂಚಿ, ಎಮರಾಲ್ಡ್, ಮೇಲ್ಭವಾನಿಗಳಲ್ಲಿ ಅಣೆಕಟ್ಟುಗಳು ಎದ್ದುವು. ಹಲವು ತೊರೆಗಳು ಜಲಾಶಯಗಳಾದುವು. ಹುಲ್ಲುಗಾವಲಿನಲ್ಲಿ ವ್ಯಾಟಲ್, ಪೈನ್ ಮರಗಳನ್ನು ನೆಟ್ಟರು. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನದಲ್ಲಿ 80 ಸೆಂಟಿಮೀಟರಿಗೂ ಮೀರಿ ಮಳೆ ಸುರಿದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಹಿಂದೊಮ್ಮೆ ಅಲ್ಲಿ ಗುಡ್ಡವೇ ಜರಿದಿದ್ದರಿಂದ ಆ ಊರಿಗೆ ಆ ಹೆಸರು ಬಂತು. ಇಷ್ಟೆಲ್ಲ ಏರುಪೇರಿನ ನಡುವೆಯೂ ನೂರು ವರ್ಷ ದಾಟಿ ಆ ಕೇಂದ್ರ ಉಳಿದುಬಂದಿದೆ.

ಈಗ ನಮ್ಮ ಮಕ್ಕಳ ಮಾತು. ಕೆಲವು ವರ್ಷಗಳ ಹಿಂದೆ ನಾವೂ ನಮ್ಮ ಮಗಳೂ ಈ ವಿದ್ಯೆಯನ್ನು ಒಟ್ಟಿಗೆ ಕಲಿಯಲು ಹೊರಟೆವು. ಕಲಿಸುವವರು ಚೆನ್ನೈಯಲ್ಲಿ ಸಿಗಲಿಲ್ಲ. ಮೊದಲ ಪಾಠ ಮನೆಯ ತಾರಸಿಯ ಮೇಲೆ, ಕೊಕ್ಕೆಯ ಬದಲು ತುದಿಗೆ ಒಂದು ಚೂರು ಉಣ್ಣೆ ಕಟ್ಟಿಕೊಂಡು. ಬಟ್ಟೆ ಒಣಗಿಸುವ ತಂತಿಗಳ ನಡುವೆ ಹುರಿ ಬೀಸುವುದು ಮೋಜಾಗಿಯೇ ಇತ್ತು. ಎರಡನೆಯ ಪಾಠ ಬೆಳಗಿನ ಹೊತ್ತು ಮರೀನಾದ ಮರಳಿನ ಮೇಲೆ. ಕಡಲ ಗಾಳಿ ಹುರಿಯನ್ನು ಏನು ಮಾಡುತ್ತದೆಂಬುದು ಅಲ್ಲಿ ತಿಳಿಯಿತು. ಸೇತುಪಟ್ಟು ಕೆರೆಯಲ್ಲಿ ಮೀನುಗಾರಿಕೆ ಇಲಾಖೆಯವರು 2016ರಲ್ಲಿ ತೆರೆದ ಉದ್ಯಾನದಲ್ಲಿ ಗಾಳ ಹಾಕಲು ಜಾಗ ಮಾಡಿಕೊಟ್ಟಿದ್ದರು. ಅಲ್ಲಿ ಎರೆಯ ಗಾಳ ಹಾಕಿ ಕೂತವರಲ್ಲಿ ತಂದೆ ಮಕ್ಕಳೇ ಹೆಚ್ಚು. ಕೊನೆಗೆ ಅನುಮತಿ ಪಡೆದು ಬೆಟ್ಟದ ತೊರೆಯ ಬಳಿ ನಿಂತಾಗ ಮಗಳು ಕೇಳಿದ ಮೊದಲ ಪ್ರಶ್ನೆ, "ಅಪ್ಪ, ಇದು ಆರಾ, ಓಡೈಯಾ? ಕನ್ನಡದಲ್ಲಿ ಇದಕ್ಕೆ ಏನಂತಾರೆ?"

ನಾವು ಒಂದು ಕ್ಷಣ ಸುಮ್ಮನಾದೆವು. ಚೆನ್ನೈಯಲ್ಲಿ ಹುಟ್ಟಿದ ಮಗುವಿಗೆ ನದಿಯೆಂದರೆ ಕೂವಂ, ಅಡಯಾರು. ಸೇತುವೆಯ ಮೇಲೆ ಬಸ್ಸಿನ ಕಿಟಕಿ ಮುಚ್ಚಿಕೊಂಡು ದಾಟುವ ನೀರು. ಮನೆಯಲ್ಲಿ ಕನ್ನಡ ಆಡಿದರೂ ತೊರೆ, ಹಳ್ಳ, ಹೊಳೆ, ಝರಿ, ಮಡು, ಸುಳಿ ಎಂಬ ಬೇರೆ ಬೇರೆ ಮಾತುಗಳನ್ನು ಅಡುಗೆಮನೆಯಲ್ಲೋ ಹಜಾರದಲ್ಲೋ ಬಳಸುವ ಸಂದರ್ಭವೇ ಬರುವುದಿಲ್ಲ. ಬಳಸದ ಮಾತು ಉಳಿಯುವುದಾದರೂ ಹೇಗೆ? ಆ ದಿನ ತೊರೆಯ ಬಳಿ ಒಂದೊಂದಕ್ಕೂ ಕೆಲಸ ಸಿಕ್ಕಿತು. ನೀರು ಬಂಡೆಗೆ ಬಡಿದು ತಿರುಗುವಲ್ಲಿ ಸುಳಿ, ಅದರ ಕೆಳಗೆ ಆಳವಾಗಿ ನಿಂತಲ್ಲಿ ಮಡು, ಟ್ರೌಟ್ ಇರುವುದು ಸುಳಿಗೂ ಮಡುವಿಗೂ ನಡುವಿನ ಗೆರೆಯಲ್ಲಿ, ಏಕೆಂದರೆ ಹರಿವು ತರುವ ಹುಳುಹುಪ್ಪಟೆ ಅದರ ಬಾಯಿಗೆ ತಾನಾಗಿ ಬರುತ್ತದೆ, ಮೀನು ಸುಮ್ಮನೆ ಈಜಿ ದಣಿಯಬೇಕಾಗಿಲ್ಲ. ಮಗಳು ತಮಿಳಿನಲ್ಲಿ ತೂಂಡಿಲ್ ಎನ್ನುತ್ತಿದ್ದುದು ಗಾಳವಾಯಿತು. ತಮಿಳಿನ 'ಇರೈ' ಎಂಬುದೇ ನಮ್ಮ 'ಎರೆ', ಎರೆಹುಳುವಿನಲ್ಲಿರುವುದೂ ಅದೇ ಎಂದು ತಿಳಿದಾಗ ಅವಳಿಗೆ ಎರಡು ಭಾಷೆಗಳೂ ಒಂದೇ ಮನೆಯವೆನ್ನಿಸಿದುವು. ಮೀನು ಎರಡಕ್ಕೂ ಮೀನೇ. ಸಂಜೆಯ ಹೊತ್ತಿಗೆ ನೊಣಕ್ಕೆ ಒಂದು ಮೀನು ಎದ್ದಿತು. ಬೆನ್ನು ಹೊಳೆಯಿತು, ಹುರಿ ಎಳೆಯಿತು, ತಪ್ಪಿಸಿಕೊಂಡು ಹೋಯಿತು. ಅದಕ್ಕಾಗಿ ಯಾರೂ ಅಳಲಿಲ್ಲ.

ಕನ್ನಡದಲ್ಲಿ ಈ ರುಚಿಯನ್ನು ಬಲ್ಲ ಬರಹಗಾರರಿಲ್ಲದೆ ಇಲ್ಲ. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಮಲೆನಾಡಿನ ಹೊಳೆಗಳಲ್ಲಿ ಗಾಳ ಹಾಕಿದ ಕಥೆಗಳು ಅವರ ಓದುಗರಿಗೆಲ್ಲ ಪರಿಚಿತ. ಮೈಸೂರಿನಲ್ಲಿ ಇನ್ನೊಂದು ಸಂಸಾರವಿತ್ತು. ಪ್ರಾಣಿಗಳ ಚರ್ಮಕ್ಕೆ ಜೀವಕಳೆ ತುಂಬುವ ಕಸಬಿನ ಯೂಜೀನ್ ವ್ಯಾನ್ ಇಂಗೆನ್ ತಮ್ಮ ಗಂಡುಮಕ್ಕಳಿಗೆ ಬೋವರ್ ಸೇನಾನಿಗಳ ಹೆಸರಿಟ್ಟರು: ಡಿ ವೆಟ್, ಬೋಥಾ, ಕ್ರೂಗರ್, ಜೌಬರ್ಟ್. ಅವರಲ್ಲಿ ಡಿ ವೆಟ್ 1946ರ ಮಾರ್ಚಿನಲ್ಲಿ ಕಬಿನಿ ಹೊಳೆಯಲ್ಲಿ ಕೋಲು ಗಾಳದಿಂದ 120 ಪೌಂಡಿನ ಮಹಶೀರ್ ಹಿಡಿದರು. ಸುಮಾರು 54 ಕಿಲೋ, ಒಬ್ಬ ಆಳಿನ ತೂಕ!

ಆ ಮೀನು ಅವಲಾಂಚಿಯದರಂತೆ ಹೊರಗಿನಿಂದ ಬಂದದ್ದಲ್ಲ. ಕಾವೇರಿಯಲ್ಲೂ ಅದರ ಉಪನದಿಗಳಲ್ಲೂ ಅಲ್ಲದೆ ಲೋಕದಲ್ಲಿ ಬೇರೆಲ್ಲೂ ಇಲ್ಲದ, ಬೆನ್ನು ಉಬ್ಬಿದ ಮಹಶೀರ್ ಅದು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘದವರು ಹೊಳೆಯ ಒಂದಷ್ಟು ಉದ್ದವನ್ನು ಕಾವಲಿಗೆ ಪಡೆದರು. ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಗಾಳದ ಶಿಬಿರಗಳಾದುವು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿ ಬಂತು. ಇದೇ ಹೊತ್ತಿಗೆ ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ಇನ್ನೊಂದು ಜಾತಿಯ, ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ತಂದು ಬಿಟ್ಟರು. ನೀಲಗಿರಿಯ ಮೇಲೆ ಸಾಹೇಬರು ಮಾಡಿದ್ದನ್ನು ಕೆಳಗೆ ನಮ್ಮವರು ಮಾಡಿದರು ಅನ್ನಿ. ಕಾಮನಬಿಲ್ಲಿನ ಟ್ರೌಟೂ ಕಂದು ಟ್ರೌಟೂ ಇಂದು ಲೋಕದ ನೂರು ಅತಿ ಹಾನಿಕಾರಕ ಆಗಂತುಕ ಜೀವಿಗಳ ಪಟ್ಟಿಯಲ್ಲಿವೆ ಎಂಬುದನ್ನು, ಆ ಮೀನಿನ ಮೇಲೆ ನಮಗಿರುವ ಮೋಹವನ್ನು ಬದಿಗಿಟ್ಟು, ಇಲ್ಲಿ ಹೇಳಲೇಬೇಕು. ಕಾವೇರಿಯಲ್ಲಿ ನೀಲಿ ರೆಕ್ಕೆಯದು ಹೆಚ್ಚಿತು, ಉಬ್ಬು ಬೆನ್ನಿನದು ವರ್ಷವರ್ಷಕ್ಕೂ ಕಡಿಮೆಯಾಯಿತು. ಅಣೆಕಟ್ಟು, ಮರಳು ತೆಗೆತ, ಸಿಡಿಮದ್ದು ತಮ್ಮ ಪಾಲನ್ನು ಸೇರಿಸಿದುವು. ಇದನ್ನು ಕಂಡುಹಿಡಿಯಲು ವಿಜ್ಞಾನಿಗಳಿಗೆ ನೆರವಾದದ್ದು ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟಿದ್ದ ದಿನದಿನದ ಲೆಕ್ಕದ ಪುಸ್ತಕ. ಅಭಯಾರಣ್ಯದಲ್ಲಿ ಗಾಳ ಹಾಕುವಂತಿಲ್ಲವೆಂದು ಶಿಬಿರದವರ ಗಾಳವೂ ಆಮೇಲೆ ನಿಂತಿತು. ಇಷ್ಟು ಪ್ರಸಿದ್ಧವಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದನ್ನು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.

ಈ ಉಬ್ಬು ಬೆನ್ನಿನ ಮೀನು ಇನ್ನೂ ಉಳಿದಿರುವ ನೀರುಗಳಲ್ಲಿ ಮೋಯಾರ್ ಹೊಳೆ ಮುಖ್ಯವಾದದ್ದು. ಮೋಯಾರ್ ಎಲ್ಲಿಂದ ಬರುತ್ತದೆ? ನೀಲಗಿರಿಯ ಮುಕುರ್ತಿಯ ಕಡೆ ಹುಟ್ಟಿ ಪೈಕಾರ ಎಂಬ ಹೆಸರಿನಲ್ಲಿ ಹರಿಯುವ ತೊರೆ, ಬೆಟ್ಟವನ್ನು ಇಳಿದು ಮೋಯಾರ್ ಆಗುತ್ತದೆ. ಮೈಸೂರು ಸೀಮೆಯ ಬಂಡೀಪುರಕ್ಕೂ ಮುದುಮಲೈಗೂ ನಡುವೆ ಕಂದಕದಲ್ಲಿ ಹರಿದು ಭವಾನಿಯನ್ನು ಕೂಡುತ್ತದೆ, ಭವಾನಿ ಕಾವೇರಿಯನ್ನು. ಮೇಲೆ ಟ್ರೌಟಿನ ಬೆಟ್ಟ, ಕೆಳಗೆ ಹುಲಿ ಕಾಡಿನೊಳಗೆ ಯಾರೂ ಗಾಳ ಹಾಕುವಂತಿಲ್ಲದ ಮಡುಗಳಲ್ಲಿ ನಮ್ಮ ಹಳೆಯ ಮಹಶೀರ್. ಕಾವೇರಿ ಮುಂದೆ ಕೊಳ್ಳಿಡಂ ಆಗಿ ವೀರಾಣಂ ಏರಿಯನ್ನು ತುಂಬುತ್ತದೆ. 2004ರಿಂದ ಆ ಏರಿಯ ನೀರು ಕೊಳವೆಯಲ್ಲಿ ಚೆನ್ನೈಗೆ ಬರುತ್ತಿದೆ. ನಮ್ಮ ಕೆಲವು ಬಡಾವಣೆಗಳ ನಲ್ಲಿಗಳಲ್ಲಿ ಬೆಳಗ್ಗೆ ಬೀಳುವುದು ಅದೇ.